ಮಧ್ಯಾಹ್ನದ ನೀರು

ಹೋದ ಜನವರಿಯಲ್ಲಿ, ನಾನು ಬೆಳೆದ ಮನೆಯನ್ನು ನೋಡುವುದಕ್ಕೆ ನಾನೇ ಸಾಲಿನಲ್ಲಿ ನಿಂತಿದ್ದೆ. ನಿವೃತ್ತ ಟೀಚರುಗಳ ನಮ್ಮ ಗುಂಪು ಒಂದು ಟೆಂಪೋ ಮಾಡಿಕೊಂಡು ಬೆಳಿಗ್ಗೆ ಮೂಡುಬಿದಿರೆಯ ಬಸದಿಗಳನ್ನು ಸುತ್ತಿ, ಊಟಕ್ಕೆ ಮೊದಲು ಶಿರ್ತಾಡಿಯ ಆಚೆ ಇರುವ ಗುತ್ತಿನ ಮನೆಗೆ ಬಂದಿತ್ತು. ಗುತ್ತು ಎಂದರೆ ಊರಿನ ದೊಡ್ಡ ಮನೆ. ಹಿಂದೆ ಊರಿನ ನ್ಯಾಯ, ಭೂತದ ನೇಮ, ನೀರು ಮೂರೂ ಅದರ ಚಾವಡಿಯಲ್ಲೇ ತೀರ್ಮಾನವಾಗುತ್ತಿದ್ದವು. ಈಗ ಭಾನುವಾರಗಳಂದು ಅದನ್ನು ಜನರಿಗೆ ತೋರಿಸುತ್ತಾರೆ. ಕೆರೆಯ ಮೆಟ್ಟಿಲ ಮೇಲೆ ಮದುವೆಗೆ ನಿಂತ ಹುಡುಗ ಹುಡುಗಿಯನ್ನು ಕೂರಿಸಿ ಫೋಟೋ ತೆಗೆಯುತ್ತಿದ್ದರು. ಫೋಟೋದವನು ಹುಡುಗಿಗೆ ನೀರಿಗೆ ಕಾಲು ಇಳಿಬಿಡಲು ಹೇಳಿ, ಅವಳು ಸೀರೆ ಒದ್ದೆಯಾಗುತ್ತದೆಂದು ಒಪ್ಪದೆ, ಇಬ್ಬರ ನಡುವೆ ಸಣ್ಣ ಜಗಳವೇ ನಡೆದಿತ್ತು. ತೋಟದೊಳಗೆ ನೀರು ಹರಿಯುವ ಕಲ್ಲಿನ ಕಣಿಗಳ ಪಕ್ಕದಲ್ಲಿ ಬೋರ್ಡು ಹಾಕಿದ್ದಾರೆ. ಬಾಗಿಲಲ್ಲಿ ಟೀಶರ್ಟು ಹಾಕಿದ ಹುಡುಗಿಯೊಬ್ಬಳು, ನಾನು ಒಳಗಿನ ಕೋಣೆಗಳ ಕಡೆ ಅಭ್ಯಾಸಬಲದಿಂದ ತಿರುಗಿದ್ದನ್ನು ಕಂಡು ತಡೆದಳು.

"ಆಂಟೀ, ನೀವು ಗೆಸ್ಟಾ, ಫ್ಯಾಮಿಲಿಯಾ? ಆಚೆ ಬಾಗಿಲು ಫ್ಯಾಮಿಲಿಯವರಿಗೆ ಮಾತ್ರ."

ಪಾಪ, ಅವಳ ಮೇಲೆ ನನಗೆ ಸಿಟ್ಟಿಲ್ಲ. ಅವಳ ಕೆಲಸ ಅವಳು ಮಾಡಿದಳು. ಆದರೆ ಇದೇ ಪ್ರಶ್ನೆಯನ್ನು ಇದೇ ಮನೆಯಲ್ಲಿ ನಾನು ಏಳು ವರ್ಷದವಳಿದ್ದಾಗ ಕೇಳಿದ್ದೆ. ಅದಕ್ಕೆ ಉತ್ತರ ಸಿಗಲು ಒಂದು ಇಡೀ ಬೇಸಗೆ ಬೇಕಾಯಿತು. ನನ್ನನ್ನು ಹಠಮಾರಿ ಎಂದು ಕರೆಯುವವರು ಬಹಳ ಮಂದಿ ಇದ್ದಾರೆ, ನನ್ನ ಗಂಡನಿಂದ ಹಿಡಿದು ಶಾಲೆಯ ಹೆಡ್ಮಾಸ್ಟರರವರೆಗೆ. ಅವರೆಲ್ಲ ಆ ಬೇಸಗೆಯನ್ನು ಕಾಣಬೇಕಿತ್ತು; ಕಂಡಿದ್ದರೆ ನಾನು ಎಷ್ಟು ಮೆದು ಎಂದು ಅವರಿಗೆ ತಿಳಿಯುತ್ತಿತ್ತು.

ಅದಕ್ಕೆ ಮೊದಲು ನಾವು ಇದ್ದದ್ದು ಫರಂಗಿಪೇಟೆಯಲ್ಲಿ. ಹೆದ್ದಾರಿಗೆ ಮುಖ ಮಾಡಿ ಅಪ್ಪನ ಸಣ್ಣ ಹೋಟೆಲು, ಹಿಂದೆ ಒಂದೂವರೆ ಕೋಣೆಯ ಮನೆ. ಲಾರಿ ಹೋದರೆ ಗೋಡೆಯ ಮೇಲಿನ ದೇವರ ಪಟ ನಡುಗುತ್ತಿತ್ತು. ಅಪ್ಪನಿಗೆ ಕೈ ಮುಂದು. ಬಾಯಲ್ಲಿ ಮುಗಿಯಬೇಕಾದದ್ದು ಕೈಯಲ್ಲಿ ಮುಗಿಯುತ್ತಿತ್ತು. ಒಂದು ಬೆಳಿಗ್ಗೆ ಸಾಂಬಾರು ಹಳಸಿತ್ತೆಂದು, ಗಿರಾಕಿಗಳು ತಿಂಡಿ ತಿನ್ನುತ್ತಾ ಕೂತಿರುವಾಗಲೇ, ಅವನು ಅಮ್ಮನ ಕೈಯಲ್ಲಿದ್ದ ಸೌಟನ್ನೇ ಕಸಿದು ಅವಳಿಗೆ ಹೊಡೆದ. ಅಮ್ಮ ಅಳಲಿಲ್ಲ. ನೆಲಕ್ಕೆ ಬಿದ್ದ ಸೌಟನ್ನು ಹೆಕ್ಕಿ, ತೊಳೆದು, ಅದರ ಜಾಗದಲ್ಲಿ ತೂಗುಹಾಕಿದಳು. ಆಮೇಲೆ ಕೈ ಒರೆಸಿಕೊಂಡು, ಮೂಲೆಯಲ್ಲಿ ಕೂತಿದ್ದ ನನ್ನನ್ನು ಎಬ್ಬಿಸಿ, ಎರಡು ಸೀರೆ, ನನ್ನ ಎರಡು ಫ್ರಾಕು ಚೀಲಕ್ಕೆ ತುಂಬಿ ಬಸ್ಸು ಹತ್ತಿದಳು. ಬಿ.ಸಿ. ರೋಡಿನಲ್ಲಿ ಬಸ್ಸು ಬದಲಿಸಿ, ಸಿದ್ಧಕಟ್ಟೆ ದಾಟಿ, ಮೂಡುಬಿದಿರೆಯಲ್ಲಿ ಮತ್ತೊಂದು ಬಸ್ಸು. ದಾರಿಯುದ್ದಕ್ಕೂ ಅವಳು ಆಡಿದ್ದು ಒಂದೇ ಮಾತು.

"ಇನ್ನು ಅಲ್ಲಿಗೆ ಹೋಗುವುದಿಲ್ಲ ಮಗಾ. ನೀನು ಕೇಳಬೇಡ."

ನಮ್ಮವರಲ್ಲಿ ಮನೆ ಹೆಣ್ಣುಮಕ್ಕಳದ್ದು. ಆಸ್ತಿ ತಾಯಿಯಿಂದ ಮಗಳಿಗೆ ಬರುವ ಪದ್ಧತಿ. ಗಂಡನ ಮನೆ ಸರಿಬರಲಿಲ್ಲ ಎಂದರೆ ಹಿಂದಿನ ಕಾಲದ ಹೆಂಗಸರು ಚಾಪೆ ಸುತ್ತಿಕೊಂಡು ತಾಯಿಮನೆಗೆ ಬರುತ್ತಿದ್ದರಂತೆ, ಯಾರೂ ಹುಬ್ಬು ಏರಿಸುತ್ತಿರಲಿಲ್ಲವಂತೆ. ಆದರೆ ಅಮ್ಮ ಬರುವ ಹೊತ್ತಿಗೆ ಕಾಲ ತಿರುಗಿತ್ತು. ಗಂಡನನ್ನು ಬಿಟ್ಟು ಬಂದ ಮಗಳು ಮನೆಯಲ್ಲಿದ್ದರೆ ಉಳಿದವರ ಮಕ್ಕಳಿಗೆ ಸಂಬಂಧ ಕೂಡಿಬರುವುದಿಲ್ಲ ಎಂಬ ಹೆದರಿಕೆ ದೊಡ್ಡ ದೊಡ್ಡ ಮನೆಗಳಿಗೆಲ್ಲ ಹೊಕ್ಕಿತ್ತು. ಅಜ್ಜಿ, ಅಂದರೆ ಅಮ್ಮನ ಅಮ್ಮ, ಚಾವಡಿಯ ಕಂಬಕ್ಕೆ ಒರಗಿ ಕೂತಿದ್ದರು. ನಮ್ಮನ್ನು ಕಂಡವರೇ ಒಳಗೆ ಹೋಗಿ ಒಂದು ತಟ್ಟೆಯಲ್ಲಿ ಬೆಲ್ಲದ ತುಂಡು, ಚೊಂಬಿನಲ್ಲಿ ನೀರು ತಂದು ಅಮ್ಮನ ಮುಂದೆ ಇಟ್ಟರು. ನಾನು ಬೆಲ್ಲ ಕಂಡು ಖುಷಿಪಟ್ಟೆ. ಅಮ್ಮನ ಮುಖ ಕಪ್ಪಾಯಿತು. ಬೆಲ್ಲ-ನೀರು ಕೊಡುವುದು ನೆಂಟರಿಗೆ, ಮನೆಯ ಮಗಳಿಗಲ್ಲ.

"ಎಷ್ಟು ದಿನಕ್ಕೆ ಬಂದದ್ದು?" ಅಜ್ಜಿ ಕೇಳಿದರು.

"ದಿನ ಲೆಕ್ಕ ಹಾಕಿ ಬರ್ಲಿಲ್ಲ, ಅಮ್ಮ."

"ಹಾಗಾದರೆ ನಾನು ಹಾಕ್ತೇನೆ."

ಈ ಮಾತೆಲ್ಲ ನಡೆದದ್ದು ತುಳುವಿನಲ್ಲಿ. ತುಳುವಿನಲ್ಲಿ ಅದು ಇನ್ನೂ ಖಾರವಾಗಿತ್ತು. ಅಮ್ಮ ಬೆಲ್ಲ ಮುಟ್ಟಲಿಲ್ಲ. ನಾನು ತಿಂದೆ, ಅವಳ ಪಾಲಿನದ್ದೂ ಸೇರಿಸಿ.

ಆ ಮನೆಯಲ್ಲಿ ಎಲ್ಲಿ ನಿಂತರೂ ನೀರಿನ ಸದ್ದು ಕೇಳುತ್ತಿತ್ತು. ಲಾರಿಯ ಸದ್ದಿನಲ್ಲಿ ಮಲಗಿ ಅಭ್ಯಾಸವಾದ ನನಗೆ ಮೊದಮೊದಲು ಆ ಸದ್ದಿಗೆ ನಿದ್ದೆಯೇ ಬರಲಿಲ್ಲ. ಮನೆಯಿಂದ ಸ್ವಲ್ಪ ದೂರದಲ್ಲಿ ಗುಡ್ಡದ ಬುಡಕ್ಕೆ ಒಂದು ತೋಡು, ಅಂದರೆ ಸಣ್ಣ ಹಳ್ಳ. ಮಳೆ ಮುಗಿದು ತೋಡಿನ ನೀರು ಇಳಿದ ಮೇಲೆ ಅದಕ್ಕೆ ಅಡ್ಡವಾಗಿ ಕಲ್ಲು, ಮಣ್ಣು, ಸೊಪ್ಪಿನ ಕಟ್ಟ ಕಟ್ಟುತ್ತಿದ್ದರು. ಮಳೆಗಾಲದಲ್ಲಿ ಅದು ಕೊಚ್ಚಿಹೋಗುತ್ತಿತ್ತು, ಮರುವರ್ಷ ಮತ್ತೆ ಹೊಸತು. ಕಟ್ಟದಲ್ಲಿ ನಿಂತ ನೀರು ಕಣಿ ಹಿಡಿದು ಬಂದು ನಮ್ಮ ಕೆರೆಗೆ ಬೀಳುತ್ತಿತ್ತು. ಕೆರೆ ತುಂಬಿ ಹೊರಟ ನೀರು ಕಲ್ಲಿನ ದೋಣಿಯಲ್ಲಿ ಅಡಿಗೆಮನೆಯ ಹಿತ್ತಲನ್ನು ಹಾಯ್ದು, ಮೆಟ್ಟಿಲು ಮೆಟ್ಟಿಲಾದ ತೋಟಕ್ಕೆ ಇಳಿದು, ಮಲ್ಲಿಗೆ, ಅಬ್ಬಲಿಗೆ, ವೀಳ್ಯದ ಬಳ್ಳಿ, ಬಸಳೆಯ ಚಪ್ಪರ, ಹರಿವೆಯ ಕೆಂಪು ಸಾಲುಗಳನ್ನು ದಾಟಿ, ಕೆಳಗೆ ಬಯಲಿನ ಬೇರೆಯವರ ತೋಟಗಳಿಗೆ ಹೋಗುತ್ತಿತ್ತು. ತೋಟವೆಂದರೆ ಒಬ್ಬರ ತೋಟವಲ್ಲ. ಮನೆಯ ಒಬ್ಬೊಬ್ಬ ಹೆಂಗಸಿಗೂ ಒಂದೊಂದು ತುಂಡು. ಅಜ್ಜಿಯದ್ದು ಮಲ್ಲಿಗೆಯ ತುಂಡು, ದೊಡ್ಡಮ್ಮನದ್ದು ಬಸಳೆಯದ್ದು, ಹೀಗೆ. ಅಂಗಳದ ಕಂಬದ ನೆರಳು ನೋಡಿಕೊಂಡು ಒಬ್ಬರ ಸರದಿ ಮುಗಿದ ಮೇಲೆ ಇನ್ನೊಬ್ಬರು ಕಣಿಯ ಬಾಯಿಗೆ ಮಣ್ಣು ಒತ್ತಿ ನೀರನ್ನು ತಮ್ಮ ಕಡೆಗೆ ತಿರುಗಿಸಿಕೊಳ್ಳಬೇಕು. ನೆಂಟರಿಗೆ ಆ ಮನೆಯಲ್ಲಿ ಊಟ ಇತ್ತು, ಹಾಸಿಗೆ ಇತ್ತು, ಮುಡಿಯಲು ಹೂವೂ ಇತ್ತು. ನೀರಿನ ಸರದಿ ಮಾತ್ರ ಇರಲಿಲ್ಲ. ಸರದಿ ಇದ್ದವಳು ಮನೆಯವಳು, ಇಲ್ಲದವಳು ನೆಂಟಳು. ಅದಕ್ಕಿಂತ ಹೆಚ್ಚಿನ ಪತ್ರ ಪುರಾವೆ ಅಲ್ಲಿ ಯಾರೂ ಕೇಳುತ್ತಿರಲಿಲ್ಲ.

ಊಟದಲ್ಲೂ ಅಜ್ಜಿ ನಮ್ಮನ್ನು ಮರ್ಯಾದೆಯಿಂದ ಕೊಂದರು. ಮನೆಯ ಹೆಂಗಸರು ಎಲ್ಲರ ಊಟ ಆದ ಮೇಲೆ ಅಡಿಗೆಮನೆಯಲ್ಲಿ ಒಲೆಯ ಸುತ್ತ ಕೂತು, ಪಾತ್ರೆಯ ಅಡಿಯ ಗಂಜಿಯನ್ನು ಸುಟ್ಟ ಒಣಮೀನಿನ ಜೊತೆ ಉಣ್ಣುತ್ತಾ ನಗಾಡುತ್ತಿದ್ದರು. ನಮಗೆ ಹಾಗಲ್ಲ; ಎಲ್ಲರಿಗಿಂತ ಮೊದಲು, ಚಾವಡಿಯ ಒಳಗೆ, ಬಾಳೆಲೆ ಹಾಕಿ, ಮೊದಲ ಸೌಟು. ಎಲೆಯ ಕೊನೆಗೆ ಉಪ್ಪಿನಕಾಯಿ, ಮೇಲೆ ತುಪ್ಪ. ಅಮ್ಮ ಒಮ್ಮೆ ಎಲೆ ಎತ್ತಿಕೊಂಡು ಅಡಿಗೆಮನೆಗೆ ಹೋಗಿ ಉಳಿದವರ ಜೊತೆ ಕೂತಳು. ಅಜ್ಜಿ ಎದ್ದು ಅವಳಿಗೆ ಕೂರಲು ಮಣೆ ಹಾಕಿದರು. ಬೇರೆ ಎಲ್ಲರೂ ನೆಲದ ಮೇಲೆ, ಅಮ್ಮ ಮಾತ್ರ ಮಣೆಯ ಮೇಲೆ. ನಗು ನಿಂತುಹೋಯಿತು. ನನಗೆ ತುಪ್ಪದ ಊಟ ಇಷ್ಟವೇ ಆಗಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಅಮ್ಮ ಆ ಮಣೆಯ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತು ತುತ್ತು ನುಂಗುವುದನ್ನು ನೋಡಿ ಅಜ್ಜಿಯ ಮೇಲೆ ನನಗೆ ಹುಟ್ಟಿದ ಸಿಟ್ಟು ಇವತ್ತು ನೆನೆದರೂ ಬೆಚ್ಚಗಿದೆ.

ಅಮ್ಮ ಒಂದು ತುಂಡು ಜಾಗ ಕೇಳಿದಳು. ಅಜ್ಜಿ, "ನೆಂಟರು ಬಂದವರು ಮಣ್ಣು ಮುಟ್ಟುವುದು ಎಂತಕ್ಕೆ? ಊಟಕ್ಕೆ ಕಡಿಮೆ ಆಯ್ತಾ?" ಎಂದರು. ಅಮ್ಮ ಮತ್ತೆ ಕೇಳಲಿಲ್ಲ. ಕೊಟ್ಟಿಗೆಯ ಹಿಂದೆ, ಯಾರಿಗೂ ಬೇಡದ, ತುಂಬೆ ಗಿಡ ಮತ್ತು ಒಡೆದ ಹಂಚು ತುಂಬಿದ ಒಂದು ಮೂಲೆ ಇತ್ತು. ಅದನ್ನು ಅಗೆದು, ಹಂಚು ಹೆಕ್ಕಿ, ಬೂದಿ ಗೊಬ್ಬರ ಹಾಕಿ ಹರಿವೆ ಬೀಜ ಚೆಲ್ಲಿದಳು. ಕೆರೆಯಿಂದ ಕೊಡದಲ್ಲಿ ನೀರು ಹೊತ್ತು ಹಾಕಿದಳು. ಹರಿವೆ ಮೊಳೆತು ನೆಲಕ್ಕೆ ಕುಂಕುಮ ಉದುರಿದ ಹಾಗೆ ಕಾಣುತ್ತಿದ್ದಾಗ, ಅಜ್ಜಿ ಕೆರೆಯ ಮೆಟ್ಟಿಲಲ್ಲಿ ಅಡ್ಡ ನಿಂತರು. ಕೆರೆಯ ನೀರು ಸ್ನಾನಕ್ಕೆ ಮತ್ತು ದನಗಳಿಗೆ, ತೋಟಕ್ಕೆ ಕಣಿಯ ನೀರು, ಕಣಿಯ ನೀರಿಗೆ ಸರದಿ ಬೇಕು ಎಂದರು. ಮಾತು ಸರಿಯಾಗಿಯೇ ಇತ್ತು. ಅಮ್ಮ ಕೊಡವನ್ನು ಅಲ್ಲೇ ಬೋರಲು ಹಾಕಿ ಬಂದಳು. ಹರಿವೆ ಮೂಲೆಯಲ್ಲಿ ಒಣಗಿತು. ಮಾವ, ಅಂದರೆ ಅಮ್ಮನ ಅಣ್ಣ, ಹೆಸರಿಗೆ ಆ ಮನೆಯ ಯಜಮಾನರು, ಸಂಜೆ ನಮ್ಮ ಕೋಣೆಯ ಬಾಗಿಲಿಗೆ ಬಂದು ಗಂಟಲು ಸರಿಮಾಡಿದರು.

"ಸುಶೀಲಾ, ಅಮ್ಮ ಹೇಳುವುದು ನಿನ್ನ ಒಳ್ಳೆಯದಕ್ಕೆ. ನಿನಗೆ ಇಲ್ಲಿ ಬೇರು ಬಿಡ್ಲಿಕ್ಕೆ ಬಿಟ್ಟರೆ ನೀನು ಆಚೆ ಹೋಗುವುದಿಲ್ಲ ಅಂತ ಅವರಿಗೆ ಹೆದರಿಕೆ ಮಾರಾಯ್ತಿ."

"ಅಣ್ಣ, ನಾನು ಆಚೆ ಹೋಗುವುದಿಲ್ಲ. ಹೆದರಿಕೆ ಎಂತಕ್ಕೆ? ಗ್ಯಾರಂಟಿಯೇ ಉಂಟಲ್ಲ."

ಮಾವ ಇನ್ನೊಮ್ಮೆ ಗಂಟಲು ಸರಿಮಾಡಿ ಹೋದರು. ಅವರು ಜೀವಮಾನವಿಡೀ ಗಂಟಲು ಸರಿಮಾಡುತ್ತಲೇ ಇದ್ದರು, ಮಾತು ಬಂದದ್ದು ಕಡಿಮೆ.

ಆ ವರ್ಷದ ಕಟ್ಟ ಕಟ್ಟುವ ದಿನ ಬಂತು. ಅದಕ್ಕೊಂದು ಹಳೆಯ ಕ್ರಮ ಇತ್ತು: ನೀರು ಕುಡಿಯುವ ಪ್ರತಿಯೊಂದು ತೋಟದಿಂದಲೂ ಒಂದು ಆಳು ಬರಬೇಕು, ಮತ್ತು ಕಟ್ಟಕ್ಕೆ ಮಣ್ಣು ಹೊತ್ತವರಿಗೆ ಆ ವರ್ಷ ನೀರಿನಲ್ಲಿ ಪಾಲು ಉಂಟು. ಜಾತಿ, ಮನೆ, ಹೆಣ್ಣು, ಗಂಡು ಎಂಬ ಪ್ರಶ್ನೆ ಇಲ್ಲ. ಬಹುಶಃ ಆ ಕ್ರಮ ಮಾಡಿದವರಿಗೆ ಗುತ್ತಿನ ಮನೆಯ ಹೆಂಗಸೊಬ್ಬಳು ತೋಡಿಗೆ ಇಳಿದಾಳು ಎಂದು ಹೊಳೆದೇ ಇರಲಿಲ್ಲ. ಗುತ್ತಿನಿಂದ ಹೋಗುತ್ತಿದ್ದದ್ದು ಕೆಲಸದವರು ಮತ್ತು ಮಧ್ಯಾಹ್ನಕ್ಕೆ ಒಂದು ಹಂಡೆ ಗಂಜಿ. ಆ ಬೆಳಿಗ್ಗೆ ಅಮ್ಮ ಸೀರೆ ಮೇಲಕ್ಕೆ ಕಟ್ಟಿ, ತಲೆಗೆ ಅಡಿಕೆ ಹಾಳೆಯ ಮುಟ್ಟಾಳೆ ಇಟ್ಟು, ಒಂದು ಬುಟ್ಟಿ ಹಿಡಿದು ಹೊರಟಳು. ನಾನೂ ಹಿಂದೆ ಓಡಿದೆ. ಎರಡು ಸಾಲು ಗೂಟ ಹೊಡೆದು ನಡುವೆ ಕಲ್ಲು ಪೇರಿಸಿ ಆಗಿತ್ತು. ಗುಂಡಿಯಿಂದ ಅಗೆದ ಜೇಡಿಮಣ್ಣು ಕೈಯಿಂದ ಕೈಗೆ ಸಾಲಿನಲ್ಲಿ ಬರುತ್ತಿತ್ತು. ಅಮ್ಮ ಸಾಲಿನಲ್ಲಿ ನಿಂತಳು. ತನ್ನ ಬುಟ್ಟಿ ತುಂಬಿಸಿಕೊಂಡು ಪಕ್ಕದವನ ಕಡೆಗೆ ಚಾಚಿದಳು. ಅವನು ಕೈ ಮುಂದೆ ಮಾಡಲಿಲ್ಲ. ಗುತ್ತಿನ ಅಕ್ಕನ ಕೈಯಿಂದ ಮಣ್ಣು ತೆಗೆದುಕೊಳ್ಳುವುದು ಹೇಗೆ ಎಂದು ಅವನಿಗೆ ಹೆದರಿಕೆ. ಸಾಲು ನಿಂತಿತು. ಅಮ್ಮ ಬುಟ್ಟಿಯನ್ನು ತಲೆಗೆ ಏರಿಸಿಕೊಂಡು ನಿಂತಳು; ಕೆಸರು ನೀರು ಕಿವಿಯ ಮೇಲಿಂದ ಇಳಿಯುತ್ತಿದೆ, ಅವಳು ಅಲ್ಲಾಡುತ್ತಿಲ್ಲ.

ಆಗ ನೀರಿಗಿಳಿದು ಮಣ್ಣು ಮೆಟ್ಟುತ್ತಿದ್ದ ಅದ್ದು ಬ್ಯಾರಿಯವರು ತಲೆ ಎತ್ತಿದರು. ಬಯಲಿನ ಕೊಟ್ಟಕೊನೆಯ ತೋಟ ಅವರದ್ದು. ತೆಂಗಿನಕಾಯಿ ವ್ಯಾಪಾರವೂ ಇತ್ತು. ಕಣಿಯ ತುದಿಯಲ್ಲಿ ಇರುವವರಿಗೆ ನೀರಿನ ಚಿಂತೆ ಎಲ್ಲರಿಗಿಂತ ಹೆಚ್ಚಾದ್ದರಿಂದ ಕಟ್ಟದ ಉಸ್ತುವಾರಿ ಯಾವಾಗಲೂ ಅವರ ಮನೆಯವರದ್ದೇ.

"ಎಂತ ನೋಡುವುದು ಮಾರಾಯ? ನೀರು ನಿಲ್ಲುವುದು ಮಣ್ಣಿಗೆ, ಹೊತ್ತವರ ಮುಖಕ್ಕಲ್ಲ. ಅಕ್ಕ, ಇಲ್ಲಿ ಕೊಡಿ."

ಅಮ್ಮ ಬುಟ್ಟಿ ಕೊಟ್ಟಳು. ಸಾಲು ಮತ್ತೆ ನಡೆಯಿತು. ಮಧ್ಯಾಹ್ನ ಮನೆಯಿಂದ ಗಂಜಿಯ ಹಂಡೆ ಬಂದಾಗ ಹೊತ್ತು ತಂದವಳು ಅಮ್ಮನನ್ನು ಕಂಡು ಹಂಡೆ ಇಳಿಸುವುದನ್ನೇ ಮರೆತಳು. ಅಮ್ಮ ಎಲ್ಲರ ಜೊತೆ ದಂಡೆಯಲ್ಲಿ ಕೂತು, ಹಾಳೆಯ ತಟ್ಟೆಯಲ್ಲಿ ಗಂಜಿ ಉಂಡಳು. ಗಂಜಿ ಸುರ್ರೆಂದು ಹೀರುವ ಸದ್ದು ದೂರಕ್ಕೆ ಕೇಳುವಷ್ಟು ಹಸಿವಿತ್ತು ಅವಳಿಗೆ. ಫರಂಗಿಪೇಟೆ ಬಿಟ್ಟ ಮೇಲೆ ಅವಳು ಹೊಟ್ಟೆ ತುಂಬ ಉಂಡದ್ದನ್ನು ನಾನು ಕಂಡದ್ದು ಅವತ್ತೇ.

ಸುದ್ದಿ ನಮಗಿಂತ ಮುಂಚೆ ಮನೆ ತಲುಪಿತ್ತು. ಅಜ್ಜಿ ಅಂಗಳದಲ್ಲೇ ಕಾದಿದ್ದರು.

"ಗುತ್ತಿನ ಮರ್ಯಾದೆಯನ್ನು ತೋಡಿಗೆ ಹಾಕಿ ಬಂದಿಯಲ್ಲ!"

"ತೋಡಿಗೆ ಹಾಕಿದ್ದು ಮಣ್ಣು, ಅಮ್ಮ. ನಿಂತಿದೆ. ಬೇಕಾದರೆ ಹೋಗಿ ನೋಡಿ."

"ನಿನಗೆ ಗಂಡ ಇದ್ದಾನೆ, ಮನೆ ಉಂಟು. ಇಲ್ಲಿ ನಿನಗೆ ಎಂತದ್ದು?"

"ಅದನ್ನೇ ಗಟ್ಟಿ ಮಾಡ್ಲಿಕ್ಕೆ ಹೋದದ್ದು."

ಮರುದಿನ ಅದ್ದು ಬ್ಯಾರಿಯವರು ಒಗೆದ ಬಿಳಿ ಪಂಚೆ ಉಟ್ಟು ಬಂದು ಅಂಗಳದಲ್ಲಿ ನಿಂತರು. ಮಾವ ಕೂರಲು ಹೇಳಿದರೂ ಕೂರಲಿಲ್ಲ. ಅವರು ಮಾತಾಡಬೇಕಾದದ್ದು ಅಜ್ಜಿಯ ಹತ್ತಿರ.

"ಅಮ್ಮಾ, ಸುಶೀಲಕ್ಕ ಮಣ್ಣು ಹೊತ್ತಿದ್ದಾರೆ. ಅವರಿಗೆ ಪಾಲು ಕೊಡದಿದ್ದರೆ ಬರುವ ವರ್ಷ ನಾನು ಯಾವ ಬಾಯಲ್ಲಿ ಬೇರೆಯವರನ್ನು ಕಟ್ಟಕ್ಕೆ ಕರೆಯುವುದು? ಯಾರ ಪಾಲನ್ನೂ ಕಡಿಮೆ ಮಾಡುವುದು ಬೇಡ. ಮಧ್ಯಾಹ್ನದ ನೀರು ಸುಮ್ಮನೆ ಹರಿದು ನಮ್ಮ ಬಯಲಿಗೆ ಬರ್ತದೆ. ಅದನ್ನು ಅವರಿಗೆ ಬಿಡುವ."

ಮಧ್ಯಾಹ್ನದ ನೀರು ಯಾರಿಗೂ ಬೇಡದ ನೀರು. ಬಿಸಿಲಿನಲ್ಲಿ ಎರಚಿದರೆ ಎಲೆ ಸುಡುತ್ತದೆ, ನೆಲಕ್ಕೆ ಇಳಿಯುವ ಮೊದಲೇ ಆವಿಯಾಗುತ್ತದೆ. ಮೇಲಾಗಿ ಅದು ಎಲ್ಲರೂ ಉಂಡು ಅಡ್ಡವಾಗುವ ಹೊತ್ತು. ಅಜ್ಜಿ ತಮ್ಮ ಮಲ್ಲಿಗೆಯ ತುಂಡಿನ ಕಡೆ ನೋಡಿದರು. ಕಟ್ಟದ ಕ್ರಮವನ್ನು ಗುತ್ತೇ ಮುರಿದರೆ ಕಟ್ಟ ಉಳಿಯುವುದಿಲ್ಲ, ಕಟ್ಟ ಉಳಿಯದಿದ್ದರೆ ಮಲ್ಲಿಗೆಯೂ ಇಲ್ಲ, ಗುತ್ತೂ ಇಲ್ಲ. ಅದು ಅವರಿಗೆ ಬೇರೆ ಯಾರಿಗಿಂತಲೂ ಚೆನ್ನಾಗಿ ಗೊತ್ತಿತ್ತು.

"ಕಟ್ಟ ಕೊಟ್ಟದ್ದನ್ನು ನಾನು ತಡೆಯುವುದಿಲ್ಲ. ಆದರೆ ಅದು ಕಟ್ಟ ಕೊಟ್ಟದ್ದು. ನಾನು ಕೊಟ್ಟದ್ದಲ್ಲ," ಎಂದು ಒಳಗೆ ಹೋದರು.

ಅಲ್ಲಿಂದ ನಮ್ಮ ಬೇಸಗೆ ಶುರುವಾಯಿತು. ಮನೆಯಲ್ಲಿ ಎಲ್ಲರೂ ಚಾಪೆ ಹಾಸುವ ಹೊತ್ತಿಗೆ ಅಮ್ಮ ಗುದ್ದಲಿ ಹಿಡಿದು ಇಳಿಯುತ್ತಿದ್ದಳು. ಕಣಿಯ ಕಲ್ಲು ಕಾದು ಅಂಗಾಲು ಸುಡುತ್ತಿತ್ತು. ಅವಳು ಮೇಲಿನ ಬಾಯಿಗೆ ಮಣ್ಣು ಒತ್ತಿ ನೀರು ತಿರುಗಿಸಿದರೆ, ನಾನು ನೀರಿನ ಜೊತೆಗೇ ಓಡಿ, ಕೊಟ್ಟಿಗೆಯ ಹಿಂದಿನ ಮೂಲೆಗೆ ಅದು ತಲುಪಿದಾಗ ಕೂಗಬೇಕು. ಗಿಡದ ಮೇಲೆ ಎರಚಿದರೆ ಸುಡುತ್ತದೆಂದು ಅವಳು ಸಾಲುಗಳ ನಡುವೆ ಆಳವಾಗಿ ಹೊಂಡ ತೆಗೆದು, ನೀರನ್ನು ಅಲ್ಲೇ ನಿಲ್ಲಿಸಿ, ಮೇಲೆ ತೆಂಗಿನ ಗರಿ ಮುಚ್ಚಿದಳು. ಯಾರೂ ಅದನ್ನು ಅವಳಿಗೆ ಹೇಳಿಕೊಟ್ಟದ್ದಲ್ಲ; ಎರಡು ಸಲ ಹರಿವೆ ಸುಟ್ಟುಕೊಂಡು ಕಲಿತದ್ದು. ಮೂಗಿನ ಮೇಲೆ ಅವಳ ಚರ್ಮ ಸುಲಿಯಿತು. ಅವಳ ನಡಿಗೆ ಬದಲಾಯಿತು, ಹೆಜ್ಜೆ ಗಟ್ಟಿಯಾಯಿತು. ನನಗಂತೂ ಆ ಬಿಸಿಲು, ಆ ಕೂಗು, ಒದ್ದೆ ಮಣ್ಣಿನ ಆ ವಾಸನೆ ಹಬ್ಬವೇ. ಒಂದು ಕೆಲಸ ನನ್ನದು, ನಾನು ಕೂಗದಿದ್ದರೆ ನೀರು ಹಾಳು ಎಂಬ ಹೆಮ್ಮೆಯನ್ನು ಆಮೇಲೆ ಯಾವ ನೌಕರಿಯೂ ನನಗೆ ಕೊಟ್ಟದ್ದಿಲ್ಲ. ಅಡಿಗೆಮನೆಯ ಕಿಟಕಿಯಿಂದ ಅಜ್ಜಿ ನೋಡುತ್ತಿದ್ದರು. ನಾವು ತಲೆ ಎತ್ತಿದರೆ ಕಿಟಕಿ ಖಾಲಿ.

ಮೊದಲ ಹರಿವೆ ಕಿತ್ತ ದಿನ ಅಮ್ಮ ಒಂದು ಕಟ್ಟು ಸೊಪ್ಪನ್ನು ಅಡಿಗೆಮನೆಯ ಹೊಸ್ತಿಲ ಮೇಲೆ ಇಟ್ಟು ಬಂದಳು. ಯಾರೂ ಮುಟ್ಟಲಿಲ್ಲ, ಸಂಜೆಗೆ ಬಾಡಿತು, ದನಕ್ಕೆ ಹೋಯಿತು. ಮರುದಿನ ಮತ್ತೊಂದು ಕಟ್ಟು. ಅದೂ ದನಕ್ಕೆ. ಆ ದನದ ಪುಣ್ಯ ನೋಡಿ. ಅಮ್ಮ ಬಿಡಲಿಲ್ಲ, ಪ್ರತಿದಿನ ಹೊಸ್ತಿಲಿಗೆ ಒಂದು ಕಟ್ಟು. ಕೊನೆಗೆ ಒಂದು ಮಧ್ಯಾಹ್ನ ನಮ್ಮ ಬಾಳೆಲೆಗೆ ಕೆಂಪು ಪಲ್ಯ ಬಿತ್ತು. ಅಜ್ಜಿ ಬಡಿಸುತ್ತಾ, ಎತ್ತಲೋ ನೋಡುತ್ತಾ, "ಎಳತು ಉಂಟು. ಇನ್ನೂ ನಾಲ್ಕು ದಿನ ಬಿಡಬಹುದಿತ್ತು," ಎಂದರು. ತಾಯಿ ಮಗಳ ನಡುವೆ ಆ ತಿಂಗಳಲ್ಲಿ ನಡೆದ ಅತಿ ಉದ್ದದ ಮಾತುಕತೆ ಅದು. ಎಲೆ, ತುಪ್ಪ, ಮೊದಲ ಸೌಟು ಮಾತ್ರ ತಪ್ಪಲಿಲ್ಲ.

ಬಿಸಿಲು ಇನ್ನೂ ಏರಿದ ಒಂದು ದಿನ ಅಪ್ಪ ಬಂದ. ಇಸ್ತ್ರಿ ಹಾಕಿದ ಬಿಳಿ ಶರ್ಟು, ನನಗೆ ಒಂದು ಪೊಟ್ಟಣ ಬಿಸ್ಕಿಟು. ಮಾವ ಎದುರು ಹೋಗಿ ಕರೆದು ಚಾವಡಿಯಲ್ಲಿ ಕೂರಿಸಿದರು. ಅವರ ಮುಖದಲ್ಲಿ ಅಂತೂ ಒಂದು ತಲೆನೋವು ಇಳಿಯಿತು ಎಂಬ ಕಳೆ. ನಾನು ಬಿಸ್ಕಿಟು ತೆಗೆದುಕೊಳ್ಳಲಿಲ್ಲ. ಗುದ್ದಲಿ ಹಿಡಿದು ಹೊರಡುವುದರಲ್ಲಿದ್ದ ಅಮ್ಮ ಒಳಬಾಗಿಲ ಮರೆಯಲ್ಲೇ ನಿಂತುಬಿಟ್ಟಳು. ನಾನು ಅವಳ ಸೀರೆ ಹಿಡಿದುಕೊಂಡೆ. ಕಟ್ಟದ ಸಾಲಿನಲ್ಲಿ ಅಷ್ಟು ಜನರ ಎದುರು ನಿಂತವಳು ಈಗ ಬಾಗಿಲು ದಾಟಲಿಲ್ಲ. ಅಜ್ಜಿ ಬಂದು ತಮ್ಮ ಕಂಬಕ್ಕೆ ಒರಗಿ ಕೂತರು.

"ಅತ್ತೆ, ಏನೋ ಆ ದಿನ ಸಿಟ್ಟಿನಲ್ಲಿ ಆಗಿಹೋಯ್ತು," ಅಪ್ಪ ಶುರುಮಾಡಿದ. "ಅದನ್ನೇ ಎಷ್ಟು ದಿನ ಹಿಡಿದುಕೊಳ್ಳುವುದು? ಹೋಟೆಲಿನಲ್ಲಿ ಕೈಗೆ ಜನ ಇಲ್ಲ. ಸುಶೀಲನನ್ನೂ ಮಗುವನ್ನೂ ಇವತ್ತೇ ಕಳಿಸಿಕೊಡಿ. ಮೂರು ಗಂಟೆಗೆ ಬಸ್ಸು ಉಂಟು."

ಮಾವ ಗಂಟಲು ಸರಿಮಾಡಿ, "ಅದು ಸರಿಯೇ ಅಲ್ವಾ ಅಮ್ಮ," ಎಂದರು.

ನನಗೆ ಎಲ್ಲ ಮುಗಿಯಿತು ಅನ್ನಿಸಿತು. ಅಜ್ಜಿ ನಾವು ಬಂದ ದಿನದಿಂದ ಕಾದದ್ದು ಇದೇ ಮಾತಿಗೆ. ಈಗ ಅವರು ತಲೆ ಆಡಿಸಿದರೆ ಸಾಕು, ಎರಡು ಸೀರೆ, ಎರಡು ಫ್ರಾಕು, ಚೀಲ, ಬಸ್ಸು. ಅಜ್ಜಿ ಅಪ್ಪನ ಮುಖ ನೋಡಲಿಲ್ಲ. ಅಂಗಳದಲ್ಲಿ ಕಂಬದ ನೆರಳನ್ನು ನೋಡಿದರು. ಆಮೇಲೆ ಒಳಬಾಗಿಲ ಕಡೆ ತಿರುಗಿ, ತೋಟದ ಆಚೆ ಬದಿಗೂ ಕೇಳುವ ಹಾಗೆ ಗದರಿದರು.

"ಸುಶೀಲಾ! ನೆರಳು ಕಂಬದ ಕಾಲಿಗೆ ಬಂತು. ನೀರು ಸುಮ್ಮನೆ ಹೋಗ್ತಾ ಉಂಟು. ಎಂತ ಬಾಗಿಲ ಹಿಂದೆ ನಿಂತದ್ದು ನೆಂಟರ ಹಾಗೆ? ಹೋಗು!"

ಅಮ್ಮ ಬಾಗಿಲ ಮರೆಯಿಂದ ಹೊರಗೆ ಬಂದಳು. ಅಪ್ಪ ಎದ್ದು ನಿಂತ. ಅವಳು ಅವನ ಮುಂದಿನಿಂದಲೇ ಹಾದು ಮೆಟ್ಟಿಲಿಳಿದಳು.

"ಅವಳಿಗೆ ಈಗ ಸರದಿ," ಅಜ್ಜಿ ಅಪ್ಪನಿಗೆ ಹೇಳಿದರು. "ಮಾತಾಡ್ಲಿಕ್ಕೆ ಪುರುಸೊತ್ತಿಲ್ಲ."

"ನಾನು ಕಾಯ್ತೇನೆ ಅತ್ತೆ."

"ನಾಳೆಯೂ ಸರದಿ ಉಂಟು. ನಾಡಿದ್ದೂ ಉಂಟು. ಮಳೆ ಬರುವವರೆಗೆ ದಿನಾ ಉಂಟು."

"ಮಳೆ ಬಂದ ಮೇಲೆ?"

ಅಜ್ಜಿ ಎದ್ದು ಸೆರಗು ಸರಿಮಾಡಿಕೊಂಡರು.

"ಮಳೆಗೆ ಅವಳ ತುಂಡಿನಲ್ಲಿ ಸೌತೆ ಬೀಜ ಹಾಕ್ಲಿಕ್ಕೆ ಉಂಟು. ನಾನೇ ಕೊಡ್ತೇನೆ ಬೀಜ. ನೀವು ಬಸ್ಸು ತಪ್ಪಿಸಿಕೊಳ್ಳಬೇಡಿ."